ಎರಡು ಕಡಲಿನ ಸಂಸಾರ

ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಕಡಲು ಹೊಸದಲ್ಲ. ನಮ್ಮಲ್ಲಿ ಬಹಳಷ್ಟು ಜನ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾರವಾರದ ಕಡೆಯವರು. ಬಯಲುಸೀಮೆಯಿಂದ ಬಂದವರೂ ಎರಡು ವರ್ಷ ಇಲ್ಲಿದ್ದರೆ ಉಪ್ಪುಗಾಳಿಗೆ ಒಗ್ಗಿಕೊಂಡಿರುತ್ತಾರೆ. ಹಾಗಾಗಿ ಅಮೆರಿಕಕ್ಕೆ ಹೋಗಿ ದೋಣಿ ಹತ್ತಿ ಬಂದೆವು ಎಂದಾಗ ಸಂಘದ ಗೆಳೆಯರೊಬ್ಬರು ನಕ್ಕರು: "ಮಸ್ಕತ್‌ನಲ್ಲಿ ನೀರಿರಲಿಲ್ಲವಾ ಮಾರಾಯ್ರೆ?" ಅವರ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಅಲ್ಲಿ ನಾವು ನೋಡಿದ್ದು ಬೂದು ತಿಮಿಂಗಿಲವನ್ನು. ಅದರ ಬದುಕಿನ ಕಥೆ ಕೇಳಿದರೆ ಗಲ್ಫ್‌ನಲ್ಲಿ ದುಡಿಯುವ ಯಾರಿಗೂ ಪರಿಚಯದ ಕಥೆ ಅನ್ನಿಸುತ್ತದೆ. ಅದರ ಅನ್ನ ಒಂದು ಕಡಲಿನಲ್ಲಿ, ಹೆರಿಗೆ ಬಾಣಂತನ ಇನ್ನೊಂದು ಕಡಲಿನಲ್ಲಿ. ವರ್ಷಕ್ಕೊಮ್ಮೆ ಹೋಗುವುದು, ವರ್ಷಕ್ಕೊಮ್ಮೆ ಬರುವುದು. ನಡುವಿನ ದಾರಿ ಸುರಕ್ಷಿತವಾಗಿದ್ದರೆ ಮಾತ್ರ ಸಂಸಾರ ನಡೆಯುತ್ತದೆ.

ಟೊರೆನ್ಸ್ ಎಂಬ ಊರು

ಇಂಡಿಯನ್ ಶಾಲೆಗಳಿಗೆ ಮಾರ್ಚ್ ಕೊನೆಯಲ್ಲಿ ರಜೆ ಸಿಗುತ್ತದಲ್ಲ, ಆಗ ನಾವು ಮೂವರು, ಗಂಡ ಹೆಂಡತಿ ಮತ್ತು ಎಂಟನೇ ತರಗತಿ ಮುಗಿಸಿದ ಮಗಳು, ಹೊರಟೆವು. ಟೊರೆನ್ಸ್‌ನಲ್ಲಿ ನಮ್ಮ ಭಾಮೈದ ಇದ್ದಾನೆ. ಮಸ್ಕತ್‌ನಿಂದ ದುಬೈ, ದುಬೈನಿಂದ ಲಾಸ್ ಏಂಜಲೀಸ್. ಎರಡನೇ ವಿಮಾನವೇ ಹದಿನಾರು ಗಂಟೆಯದು.

ಟೊರೆನ್ಸ್ ಲಾಸ್ ಏಂಜಲೀಸ್ ನಗರದ ದಕ್ಷಿಣಕ್ಕಿರುವ ಪ್ರತ್ಯೇಕ ಊರು. 1912ರಲ್ಲಿ ಕೈಗಾರಿಕಾ ಪಟ್ಟಣವೆಂದೇ ನಕ್ಷೆ ಹಾಕಿ ಕಟ್ಟಿದ್ದು. ಹೋಂಡಾ ಕಂಪೆನಿಯ ಅಮೆರಿಕದ ಮುಖ್ಯ ಕಚೇರಿ ಇಲ್ಲಿದೆ. ಜಪಾನ್ ಮೂಲದ ಸಂಸಾರಗಳು ಬಹಳ. ಊರ ನಡುವೆ ದೊಡ್ಡ ತೈಲ ರಿಫೈನರಿ ಇದೆ, ಅದು ಶುರುವಾಗಿದ್ದು 1929ರಲ್ಲಿ. ಅದರ ಚಿಮಣಿ ಕಂಡಾಗ ನಮ್ಮ ಮಗಳು, "ಅಪ್ಪ, ಇದು ಸೋಹಾರ್ ಥರಾನೇ ಇದೆಯಲ್ಲ!" ಎಂದಳು. ಸಾವಿರಾರು ಕಿಲೋಮೀಟರ್ ದಾಟಿ ಬಂದ ಮೇಲೂ ರಿಫೈನರಿಯೇ ಎದುರಾದದ್ದಕ್ಕೆ ನಮಗೆ ನಗು ಬಂತು.

ಆದರೆ ಅಲ್ಲಿಂದ ಹತ್ತು ಹದಿನೈದು ನಿಮಿಷ ಕಾರಿನಲ್ಲಿ ಹೋದರೆ ಪೆಸಿಫಿಕ್ ಸಾಗರ. ಟೊರೆನ್ಸ್‌ಗೆ ತನ್ನದೇ ಒಂದು ಮರಳು ದಂಡೆ ಇದೆ. ಅದರ ಉತ್ತರಕ್ಕೆ ಅಂಟಿಕೊಂಡಂತೆ ರೆಡಾಂಡೊ ಬೀಚ್ ಊರಿನ ಕಿಂಗ್ ಹಾರ್ಬರ್. ದಕ್ಷಿಣಕ್ಕೆ ಪಾಲೋಸ್ ವೆರ್ಡೆಸ್ ಎಂಬ ಗುಡ್ಡದ ಭೂಶಿರ. ಈ ಬಂದರಿನ ಬಾಯಿಯ ಹತ್ತಿರದಿಂದಲೇ ನೀರಿನಡಿ ಒಂದು ಆಳವಾದ ಕಣಿವೆ ಶುರುವಾಗುತ್ತದೆ. ನಮ್ಮ ಮಲ್ಪೆಯಲ್ಲಿ ಆಳದ ನೀರು ಬೇಕೆಂದರೆ ಗಂಟೆಗಟ್ಟಲೆ ಬೋಟು ಓಡಿಸಬೇಕು. ಇಲ್ಲಿ ಆಳ ದಡಕ್ಕೇ ಬಂದು ನಿಂತಿದೆ. ದೊಡ್ಡ ಜೀವಿಗಳು ದಡದ ಪಕ್ಕದಲ್ಲೇ ಕಾಣಿಸಲು ಅದೂ ಒಂದು ಕಾರಣ.

ಆರೇ ಜನರ ದೋಣಿ

ತಿಮಿಂಗಿಲ ನೋಡಲು ಅಲ್ಲಿ ಎರಡು ಬಗೆಯ ದೋಣಿಗಳಿವೆ. ನೂರಕ್ಕೂ ಹೆಚ್ಚು ಜನ ಹಿಡಿಸುವ ದೊಡ್ಡವು ಒಂದು ಬಗೆ. ಆರೇ ಪ್ರಯಾಣಿಕರ ಸಣ್ಣವು ಇನ್ನೊಂದು. ಬಾಡಿಗೆಗೆ ಆರು ಜನರವರೆಗೆ ಕರೆದೊಯ್ಯುವವರಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಬೇರೆಯೇ ಲೈಸೆನ್ಸ್ ಕೊಡುತ್ತದೆ. ಹಾಗಾಗಿ ಇಂಥ ದೋಣಿಗೆ ಅಲ್ಲಿನವರ ಬಾಯಲ್ಲಿ ‘ಸಿಕ್ಸ್ ಪ್ಯಾಕ್’ ಎಂದು ಹೆಸರು. ತಲೆಗೆ ಲೆಕ್ಕ ಹಾಕಿದರೆ ಸಣ್ಣ ದೋಣಿಯೇ ದುಬಾರಿ. ಆದರೆ ಯಾರ ಭುಜದ ಮೇಲಿಂದಲೂ ಇಣುಕಬೇಕಿಲ್ಲ, ಪ್ರಶ್ನೆ ಕೇಳಿದರೆ ನಡೆಸುವವರೇ ಉತ್ತರ ಕೊಡುತ್ತಾರೆ. ನಾವು ನಾಲ್ವರು, ಜೊತೆಗೆ ಒಂದು ವಯಸ್ಸಾದ ದಂಪತಿ. ದೋಣಿ ತುಂಬಿತು.

ಹೊರಡುವ ಮುಂಚೆ ಭಾಮೈದ ಎಚ್ಚರಿಸಿದ್ದ: "ಭಾವ, ಜಾಕೆಟ್ ಹಾಕಿಕೊಳ್ಳಿ. ಇದು ಮಲ್ಪೆ ಅಲ್ಲ." ಅವನ ಮಾತು ನಿಜ. ಬಿಸಿಲು ಚುರುಗುಟ್ಟುತ್ತಿದ್ದರೂ ಉತ್ತರದಿಂದ ತಣ್ಣನೆಯ ಪ್ರವಾಹ ಹರಿದು ಬರುವುದರಿಂದ ಮಾರ್ಚ್‌ನಲ್ಲಿ ಆ ನೀರು 14–15 ಡಿಗ್ರಿ ಅಷ್ಟೇ. ಗಾಳಿ ಮೂಗಿನ ತುದಿಯನ್ನು ಮರಗಟ್ಟಿಸುತ್ತದೆ.

ದೋಣಿ ನಡೆಸುತ್ತಿದ್ದ ಹೆಂಗಸು ಬಂದರು ದಾಟುವ ಮೊದಲೇ ನಿಯಮ ಹೇಳಿದರು. ತಿಮಿಂಗಿಲದಿಂದ ನೂರು ಗಜ ದೂರ ಇರಬೇಕು. ಅದರ ದಾರಿಗೆ ಅಡ್ಡ ಹೋಗಬಾರದು, ಹಿಂದಿನಿಂದ ಅಟ್ಟಿಸಬಾರದು. ತಾಯಿ ಮತ್ತು ಮರಿಯ ನಡುವೆ ದೋಣಿ ನುಗ್ಗಿಸಲೇಬಾರದು. ಅದಾಗಿಯೇ ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ನಿಲ್ಲಬೇಕು. "ನಾವು ಅದರ ರಸ್ತೆಯಲ್ಲಿದ್ದೇವೆ, ಅದು ನಮ್ಮ ರಸ್ತೆಯಲ್ಲಿಲ್ಲ" ಎಂದರು.

ದಡದ ಗುರುತುಗಳು

ದೋಣಿ ದಕ್ಷಿಣಕ್ಕೆ ತಿರುಗಿತು. ಎಡಗಡೆ ಟೊರೆನ್ಸ್ ದಂಡೆ, ಆಮೇಲೆ ಮಲಾಗಾ ಕೋವ್‌ನ ಕೆಂಪು ಹೆಂಚಿನ ಮನೆಗಳು. "ನಮ್ಮ ಮಂಗಳೂರು ಹೆಂಚಿನ ಹಾಗೇ ಕಾಣುತ್ತೆ ನೋಡಿ" ಎಂದರು ನಮ್ಮ ಮನೆಯವರು. ಅದಾದ ಮೇಲೆ ಮರಳು ಮುಗಿದು ಕಡಿದಾದ ಬಂಡೆಗಳು. ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೆಲ ಮೇಲೇಳುತ್ತಾ ಹೋದಂತೆ ಹಿಂದಿನ ಕಾಲದ ಕಡಲು ಒಂದೊಂದು ಎತ್ತರದಲ್ಲಿ ಕೊರೆದುಹೋದ ಗುರುತುಗಳು ಅವು.

ಭೂಶಿರದ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರುಗಳು ಬಂಡೆಗೆ ಸಿಕ್ಕಿಕೊಂಡಿದ್ದವು. 1961ರ ಮಾರ್ಚ್‌ನಲ್ಲಿ ಗೋಧಿ ಮತ್ತು ಮಾಂಸ ಹೊತ್ತು ಬಂದ ‘ಡಾಮಿನೇಟರ್’ ಎಂಬ ಗ್ರೀಕ್ ಹಡಗು ಮಂಜಿನಲ್ಲಿ ದಾರಿ ತಪ್ಪಿ ಇಲ್ಲಿ ಬಂಡೆ ಏರಿತು. ಅದನ್ನು ಎಳೆದು ಬಿಡಿಸಲು ಆಗಲೇ ಇಲ್ಲ.

ಮುಂದೆ ಪಾಯಿಂಟ್ ವಿಸೆಂಟೆ ದೀಪಸ್ತಂಭ. ಬಿಳಿ ಗೋಪುರ, 1926ರದು. ನಮ್ಮ ಕಾಪು ದೀಪಸ್ತಂಭ 1901ರದು, ಅಂದರೆ ಇದಕ್ಕಿಂತ ಕಾಲು ಶತಮಾನ ಹಿರಿಯದು. ಆ ಲೆಕ್ಕ ಹೇಳಿದಾಗ ಭಾಮೈದನಿಗೆ ಖುಷಿಯೋ ಖುಷಿ.

ದೀಪಸ್ತಂಭ ದಾಟಿದರೆ ಲಾಂಗ್ ಪಾಯಿಂಟ್. ಈಗ ಅಲ್ಲಿ ದೊಡ್ಡ ರೆಸಾರ್ಟ್ ಇದೆ. 1954ರಿಂದ 1987ರವರೆಗೆ ಅದೇ ಜಾಗದಲ್ಲಿ ‘ಮರೀನ್‌ಲ್ಯಾಂಡ್ ಆಫ್ ದಿ ಪೆಸಿಫಿಕ್’ ಎಂಬ ಕಡಲಜೀವಿಗಳ ಪ್ರದರ್ಶನಾಲಯ ಇತ್ತು. ಓರ್ಕಾ ಎಂಬ ಕೊಲೆಗಡುಕ ತಿಮಿಂಗಿಲಗಳನ್ನು ತೊಟ್ಟಿಯಲ್ಲಿಟ್ಟು ಆಟ ಆಡಿಸುತ್ತಿದ್ದರು. ತೊಟ್ಟಿಯೊಳಗಿನ ಓರ್ಕಾ ನೋಡಲು ಜನ ಟಿಕೆಟ್ ಕೊಂಡು ಕೂತಿದ್ದಾಗ, ಹೊರಗೆ ಅದೇ ಬಂಡೆಯ ಬುಡದಲ್ಲಿ ಬೂದು ತಿಮಿಂಗಿಲಗಳು ವರ್ಷವರ್ಷವೂ ಹಾದುಹೋಗುತ್ತಿದ್ದವು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಪೋರ್ಚುಗೀಸ್ ಬೆಂಡ್ ಎಂಬ ಕೊಲ್ಲಿ. ಮಸ್ಕತ್‌ನ ಜಲಾಲಿ, ಮಿರಾನಿ ಕೋಟೆಗಳನ್ನು ದಿನವೂ ನೋಡುವ ನಮಗೆ, ಹೊನ್ನಾವರ ಬಸ್ರೂರುಗಳ ಇತಿಹಾಸ ಕೇಳಿ ಬೆಳೆದ ನಮಗೆ ಪೋರ್ಚುಗೀಸರ ಹೆಸರು ಇಲ್ಲೂ ಕೇಳಿ ಅಚ್ಚರಿಯಾಯಿತು. ಇವರು ಮಾತ್ರ ಕೋಟೆ ಕಟ್ಟಲು ಬಂದವರಲ್ಲ, ತಿಮಿಂಗಿಲ ಬೇಟೆಗೆ ಬಂದವರು. 19ನೇ ಶತಮಾನದ ಉತ್ತರಾರ್ಧದಲ್ಲಿ ಗುಡ್ಡದ ಮೇಲೆ ಕಾವಲು ಕೂತು, ಉಸಿರಿನ ಕಾರಂಜಿ ಕಂಡ ಕೂಡಲೇ ಸನ್ನೆ ಮಾಡಿ ದೋಣಿ ಇಳಿಸುತ್ತಿದ್ದರು. ಕೊಂದು ತಂದದ್ದನ್ನು ದಡದಲ್ಲಿ ಕೊಯ್ದು, ಕೊಬ್ಬನ್ನು ಕಡಾಯಿಯಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ದೀಪಕ್ಕೆ, ಯಂತ್ರಕ್ಕೆ ಆಗ ಅದೇ ಎಣ್ಣೆ. ನೆಲದಡಿಯ ತೈಲ ಬಂದ ಮೇಲೆ ಆ ಬೇಡಿಕೆ ಕುಗ್ಗಿತು. ಹೀಗೆ ನೋಡಿದರೆ, ನಮ್ಮೆಲ್ಲರಿಗೆ ಅನ್ನ ಕೊಡುವ ಈ ತೈಲ ಒಂದು ಕಾಲಕ್ಕೆ ತಿಮಿಂಗಿಲದ ಜೀವವನ್ನೂ ಸ್ವಲ್ಪ ಉಳಿಸಿದೆ.

ಪೋರ್ಚುಗೀಸ್ ಬೆಂಡ್‌ನ ನೆಲ 1956ರಿಂದಲೂ ಜಾರುತ್ತಿದೆ. ಆ ಗುಡ್ಡದ ಮೇಲೆ ಲಾಯ್ಡ್ ರೈಟ್ ಎಂಬ ವಾಸ್ತುಶಿಲ್ಪಿ 1951ರಲ್ಲಿ ಗಾಜಿನಿಂದ ಕಟ್ಟಿದ ವೇಫೇರರ್ಸ್ ಚಾಪೆಲ್ ಪ್ರಸಿದ್ಧವಾಗಿತ್ತು. ಭೂಕುಸಿತ ಜೋರಾದದ್ದರಿಂದ 2024ರಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚಿ ಬೇರೆಡೆ ಇಟ್ಟಿದ್ದಾರೆ. ದೋಣಿಯಿಂದ ಕಂಡದ್ದು ಅದಿದ್ದ ಜಾಗ ಮಾತ್ರ.

ಉಸಿರು ಮತ್ತು ಹೆಜ್ಜೆ

ಅದನ್ನು ಮೊದಲು ನೋಡಿದವಳು ಮಗಳು. "ಮಾವ, ಅಲ್ಲಿ ಹೊಗೆ!" ಎಂದು ಕೂಗಿದಳು. ದಡದ ಕಡೆ, ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿಯ ಕಾಡಿನ ಅಂಚಿನಲ್ಲಿ ಬಿಳಿ ಆವಿ ಎದ್ದು ಕರಗಿತು. ಎದುರಿನಿಂದ ನೋಡಿದರೆ ಹೃದಯದ ಆಕಾರದ ಕಾರಂಜಿ. ಅದರ ಪಕ್ಕದಲ್ಲೇ ಇನ್ನೊಂದು, ಬಹಳ ಸಣ್ಣದು. ತಾಯಿ ಮತ್ತು ಮರಿ.

ದೋಣಿಯ ಎಂಜಿನ್ ತಗ್ಗಿತು. ಆ ಮೌನದಲ್ಲಿ ಉಸಿರಿನ ಸದ್ದೂ ಕೇಳಿಸಿತು, ಬಸ್ಸಿನ ಬ್ರೇಕಿನಿಂದ ಗಾಳಿ ಬಿಟ್ಟಂತೆ. ಬೆನ್ನು ಕಂಡಿತು. ಬೂದು ಬಣ್ಣ, ಮೇಲೆಲ್ಲ ಬಿಳಿ ಮಚ್ಚೆ. ಆ ಮಚ್ಚೆಗಳು ಮೈಗೆ ಅಂಟಿಕೊಂಡ ಬಾರ್ನಕಲ್ ಎಂಬ ಚಿಪ್ಪುಜೀವಿಗಳು, ಹಾಗೂ ಅವು ಬಿದ್ದುಹೋದ ಮೇಲೆ ಉಳಿದ ಕಲೆಗಳು. ಬೆನ್ನಮೇಲೆ ರೆಕ್ಕೆ ಇಲ್ಲ, ಬಾಲದ ಕಡೆ ಗಂಟು ಗಂಟಾದ ಉಬ್ಬುಗಳು. ಅದು ಮುಳುಗಿದ ಮೇಲೆ ನೀರಿನ ಮೇಲೆ ಎಣ್ಣೆ ಸುರಿದಂತೆ ನುಣ್ಣನೆಯ ವೃತ್ತ ಮೂಡಿತು. ಬಾಲ ಬೀಸಿದಾಗ ಕೆಳಗಿನ ನೀರು ಮೇಲೆ ಬಂದು ಆಗುವ ಗುರುತು ಅದು. ಅಲ್ಲಿಯವರು ಅದನ್ನು ತಿಮಿಂಗಿಲದ ಹೆಜ್ಜೆ ಎನ್ನುತ್ತಾರೆ. ಒಂದಾದ ಮೇಲೊಂದು ಹೆಜ್ಜೆ ನೋಡುತ್ತ ಹೋದರೆ ದಾರಿ ಗೊತ್ತಾಗುತ್ತದೆ. ಆ ಹೆಜ್ಜೆಗಳೆಲ್ಲ ಉತ್ತರಕ್ಕೆ ಹೋಗುತ್ತಿದ್ದವು.

ಸಂಸ್ಕೃತದಲ್ಲಿ ತಿಮಿ ಎಂದರೆ ದೊಡ್ಡ ಮೀನು, ಅದನ್ನೂ ನುಂಗುವುದು ತಿಮಿಂಗಿಲ. ಬೂದು ತಿಮಿಂಗಿಲಕ್ಕೆ ಈ ಹೆಸರು ಸ್ವಲ್ಪ ಅನ್ಯಾಯವೇ. 12–14 ಮೀಟರ್ ಉದ್ದ, ಮೂವತ್ತು ಟನ್ನಿಗೂ ಹೆಚ್ಚು ತೂಕದ ಈ ಪ್ರಾಣಿಗೆ ಹಲ್ಲೇ ಇಲ್ಲ. ಅದರ ಬದಲು ಜರಡಿಯಂಥ ಪೊರೆಗಳಿವೆ. ಕಡಲ ತಳದ ಕೆಸರನ್ನು ಒಂದು ಮಗ್ಗುಲಾಗಿ ಮಲಗಿ ಹೀರಿ, ಸೋಸಿ, ಅದರಲ್ಲಿ ಸಿಗುವ ಸಿಗಡಿ ಜಾತಿಯ ಪುಟ್ಟ ಹುಳುಗಳನ್ನು ತಿನ್ನುತ್ತದೆ.

ಆ ಊಟ ಹೇರಳವಾಗಿ ಸಿಗುವುದು ಅಲಾಸ್ಕಾದ ಆಚೆ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ, ಅದೂ ಬೇಸಿಗೆಯಲ್ಲಿ. ಆದರೆ ಆ ಮಂಜಿನ ನೀರಿನಲ್ಲಿ ಹೆತ್ತರೆ ಕೊಬ್ಬಿಲ್ಲದ ಎಳೆಮರಿಗೆ ಚಳಿ ತಡೆಯುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚನೆಯ ಹಿನ್ನೀರಿಗೆ ಬರುತ್ತವೆ. ಹೋಗಿಬರುವ ದಾರಿ ಒಟ್ಟು 16ರಿಂದ 20 ಸಾವಿರ ಕಿಲೋಮೀಟರ್. ಗಂಟೆಗೆ ಸುಮಾರು ಎಂಟು ಕಿಲೋಮೀಟರ್ ವೇಗ. ಹೊಟ್ಟೆಯಲ್ಲಿ ಮರಿ ಹದಿಮೂರು ತಿಂಗಳು. ಹುಟ್ಟುವಾಗಲೇ ಸುಮಾರು ನಾಲ್ಕೂವರೆ ಮೀಟರ್ ಉದ್ದ. ತಾಯಿಯ ಹಾಲಿನಲ್ಲಿ ಅರ್ಧಕ್ಕರ್ಧ ಕೊಬ್ಬು. ಹಸುವಿನ ಹಾಲಿನಲ್ಲಿ ಇರುವುದು ನೂರಕ್ಕೆ ನಾಲ್ಕು ಎಂಬುದನ್ನು ನೆನೆದರೆ ಆ ಹಾಲು ಎಷ್ಟು ಗಟ್ಟಿ ಎಂದು ಗೊತ್ತಾದೀತು. ಇಷ್ಟು ಹಾಲು ಕೊಡುವ ತಾಯಿ ಆ ತಿಂಗಳುಗಳಲ್ಲಿ ತಾನು ತಿನ್ನುವುದು ಬಹಳ ಕಡಿಮೆ. ಉತ್ತರದಲ್ಲಿ ಸಂಪಾದಿಸಿ ಮೈಯಲ್ಲಿ ಕೂಡಿಟ್ಟದ್ದನ್ನು ದಕ್ಷಿಣದಲ್ಲಿ ಮಕ್ಕಳಿಗೆ ಖರ್ಚು ಮಾಡುವುದು.

ಇದನ್ನು ಕೇಳುತ್ತಿದ್ದ ನಮ್ಮ ಮನೆಯವರು ಮೆಲ್ಲಗೆ, "ಇದು ನಮ್ಮವರೇ ಮಾರಾಯ್ರೆ" ಎಂದರು. ದೋಣಿಯಲ್ಲಿ ಕನ್ನಡ ತಿಳಿದ ನಾಲ್ವರೂ ನಕ್ಕೆವು. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮರಿ ಇರುವ ತಾಯಂದಿರು ಎಲ್ಲರಿಗಿಂತ ಕೊನೆಗೆ, ಮಾರ್ಚ್‌ನಿಂದ ಮೇ ತಿಂಗಳವರೆಗೆ ಉತ್ತರಕ್ಕೆ ಹೊರಡುತ್ತವೆ. ಓರ್ಕಾಗಳ ಕಣ್ಣು ತಪ್ಪಿಸಲು ದಡಕ್ಕೆ ಅಂಟಿಕೊಂಡು, ಪಾಚಿಯ ಮರೆಯಲ್ಲಿ ಸಾಗುತ್ತವೆ. ನಮ್ಮ ತಾಯಿ ಮರಿ ಹಾಗೇ ದೀಪಸ್ತಂಭದ ಬುಡ ಬಳಸಿ ಹೋದವು. ನಾವು ನೂರು ಗಜ ಬಿಟ್ಟೇ ನಿಂತಿದ್ದೆವು.

ಎಣಿಸುವವರು

ಮಾರನೆಯ ದಿನ ಅದೇ ಪಾಯಿಂಟ್ ವಿಸೆಂಟೆಗೆ ನೆಲದ ದಾರಿಯಲ್ಲಿ ಹೋದೆವು. ದೀಪಸ್ತಂಭದ ಪಕ್ಕದ ಮಾಹಿತಿ ಕೇಂದ್ರದ ಜಗಲಿಯಲ್ಲಿ ಐದಾರು ಜನ ದುರ್ಬೀನು ಹಿಡಿದು ಕೂತಿದ್ದರು. ಅಮೆರಿಕನ್ ಸೆಟೇಶಿಯನ್ ಸೊಸೈಟಿಯ ಲಾಸ್ ಏಂಜಲೀಸ್ ಶಾಖೆಯ ಸ್ವಯಂಸೇವಕರು. ಡಿಸೆಂಬರ್ 1ರಿಂದ ಮೇ ತಿಂಗಳವರೆಗೆ, ಬೆಳಗಾದಾಗಿನಿಂದ ಕತ್ತಲಾಗುವವರೆಗೆ, ಹಾದುಹೋಗುವ ಪ್ರತಿ ಬೂದು ತಿಮಿಂಗಿಲವನ್ನೂ ಎಣಿಸಿ ಬರೆದಿಡುತ್ತಾರೆ. 1984ರಿಂದ ಋತು ತಪ್ಪದೆ ನಡೆಯುತ್ತಿದೆ. ಹಲವರು ನಿವೃತ್ತರು. ಯಾರಿಗೂ ಸಂಬಳವಿಲ್ಲ.

ಒಂದು ಕಾಲದಲ್ಲಿ ಇದೇ ಗುಡ್ಡಸಾಲಿನ ಮೇಲೆ ಕೂತು ಕಾರಂಜಿ ಕಂಡರೆ ಈಟಿ ಎತ್ತುತ್ತಿದ್ದರು. ಈಗ ಕಾರಂಜಿ ಕಂಡರೆ ಪೆನ್ಸಿಲ್ ಎತ್ತುತ್ತಾರೆ. ಆಸ್ಪತ್ರೆಯ ಔಷಧಾಲಯದಲ್ಲಿ ದಿನವೂ ದಾಸ್ತಾನು ಎಣಿಸುವ ನಮಗೆ ಈ ಕೆಲಸದ ಬೆಲೆ ಗೊತ್ತು. ಎಣಿಸದಿದ್ದರೆ ಕಪಾಟು ಖಾಲಿಯಾಗುತ್ತಿರುವುದು ಖಾಲಿಯಾದ ಮೇಲೆಯೇ ಗೊತ್ತಾಗುವುದು.

ಇಲ್ಲಿ ಕಪಾಟು ಬರಿದಾಗುತ್ತಿರುವುದು ನಿಜ. ಬೇಟೆಯಿಂದ ನಾಶದ ಅಂಚಿಗೆ ಹೋಗಿದ್ದ ಈ ತಿಮಿಂಗಿಲಗಳು ರಕ್ಷಣೆ ಸಿಕ್ಕ ಮೇಲೆ ಚೇತರಿಸಿಕೊಂಡವು. 1994ರಲ್ಲಿ ಅಮೆರಿಕ ತನ್ನ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಇವುಗಳ ಹೆಸರು ತೆಗೆದುಹಾಕಿತು. 2016ರ ಹೊತ್ತಿಗೆ ಸುಮಾರು 27 ಸಾವಿರ ಇದ್ದವು. 2025ರ ಸರಕಾರಿ ಅಂದಾಜು ಸುಮಾರು 13 ಸಾವಿರ. ಹತ್ತು ವರ್ಷದೊಳಗೆ ಅರ್ಧ. ಆ ವರ್ಷ ಉತ್ತರಕ್ಕೆ ಹೋದ ಮರಿಗಳು ಸುಮಾರು 85 ಮಾತ್ರ ಎಂದು ಲೆಕ್ಕ. ಉತ್ತರಧ್ರುವದ ಹಿಮ ಕರಗುತ್ತಿರುವುದರಿಂದ ಅಲ್ಲಿನ ತಳದ ಊಟ ಕಡಿಮೆಯಾಗುತ್ತಿದೆ ಎನ್ನುವುದು ವಿಜ್ಞಾನಿಗಳು ಮುಂದಿಡುವ ಮುಖ್ಯ ಕಾರಣ. ದುಡಿಯುವ ಜಾಗದಲ್ಲಿ ಸಂಪಾದನೆ ಇಲ್ಲವಾದರೆ ಊರಿನ ತೊಟ್ಟಿಲು ಖಾಲಿ. ಈ ಲೆಕ್ಕ ಗಲ್ಫ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾಹಿತಿ ಕೇಂದ್ರಕ್ಕೆ ಪ್ರವೇಶ ಉಚಿತ. ಬಂಡೆಯ ಅಂಚಿನ ಕಾಲುದಾರಿಯಲ್ಲಿ ನಿಂತರೆ ದೋಣಿಯ ಖರ್ಚಿಲ್ಲದೆ ತಿಮಿಂಗಿಲ ಕಾಣುತ್ತದೆ. ನಾವು ಕೂತ ಒಂದು ಗಂಟೆಯಲ್ಲಿ ಮೂರು ಕಂಡವು.

ಡಿಡಿಟಿಯ ಲೆಕ್ಕ

ದೋಣಿಯ ಸುತ್ತ ಕಂದು ಪೆಲಿಕನ್ ಹಕ್ಕಿಗಳು ಸಾಲಾಗಿ ಹಾರುತ್ತಿದ್ದವು. ಅವುಗಳ ಕಥೆ ಔಷಧಿ ಕಲಿತ ನಮ್ಮನ್ನು ಬಹಳ ಕಾಡಿತು.

ಟೊರೆನ್ಸ್ ಪಕ್ಕದಲ್ಲೇ ಮಾಂಟ್ರೋಸ್ ಎಂಬ ಕಂಪೆನಿ 1947ರಿಂದ 1982ರವರೆಗೆ ಡಿಡಿಟಿ ತಯಾರಿಸುತ್ತಿತ್ತು. ಕಾರ್ಖಾನೆಯ ಕೊಳಚೆ ಒಳಚರಂಡಿ ಸೇರಿ, ಕೊಳವೆಯಲ್ಲಿ ಪಾಲೋಸ್ ವೆರ್ಡೆಸ್ ಮುಂದಿನ ಕಡಲಿಗೆ ಹೋಗುತ್ತಿತ್ತು. ನಮ್ಮ ವಯಸ್ಸಿನವರಿಗೆ ಡಿಡಿಟಿ ಚೆನ್ನಾಗಿ ಗೊತ್ತು. ಚಿಕ್ಕವರಿದ್ದಾಗ ಮಲೇರಿಯಾ ಇಲಾಖೆಯವರು ಪಂಪು ಹೊತ್ತು ಬಂದು ಮನೆಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಅದು ಸೊಳ್ಳೆ ಕೊಂದು ಜೀವ ಉಳಿಸಿದ್ದೂ ಹೌದು. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಗುತ್ತ ಪ್ರಮಾಣ ಏರುತ್ತದೆ. ಪೆಲಿಕನ್ ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಯಿತೆಂದರೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1970ರಲ್ಲಿ ಅನಕಾಪ ದ್ವೀಪದ ನೂರಾರು ಗೂಡುಗಳಿಂದ ಉಳಿದದ್ದು ಒಂದೇ ಮರಿ.

1972ರಲ್ಲಿ ಅಮೆರಿಕ ಡಿಡಿಟಿ ಬಳಕೆ ನಿಷೇಧಿಸಿತು. ಪೆಲಿಕನ್‌ಗಳು ಮೆಲ್ಲಗೆ ಹೆಚ್ಚಿದವು, 2009ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂದವು. ಕಡಲ ತಳದ ಕೆಸರಿನಲ್ಲಿ ಮಾತ್ರ ಡಿಡಿಟಿ ಇಂದಿಗೂ ಇದೆ. ಔಷಧಿಯೂ ವಿಷವೂ ಪ್ರಮಾಣದ ಮಾತು ಎಂದು ಡಿಪ್ಲೊಮಾದ ಮೊದಲ ವರ್ಷ ಕಲಿತಿದ್ದೆವು. ಎಲ್ಲಿ ಹೋಗಿ ಸೇರುತ್ತದೆ ಎಂಬುದೂ ಅಷ್ಟೇ ಮುಖ್ಯ ಎಂದು ಅಲ್ಲಿ ಅರ್ಥವಾಯಿತು. ಅವಧಿ ಮುಗಿದ ಮಾತ್ರೆ, ಸಿರಪ್ಪುಗಳನ್ನು ಸಿಂಕಿಗೆ ಸುರಿಯಬೇಡಿ, ಆಸ್ಪತ್ರೆಯ ಔಷಧಾಲಯಕ್ಕೆ ಕೇಳಿ ಹಿಂತಿರುಗಿಸಿ ಎಂದು ನಾವು ಕಿಟಕಿಯಲ್ಲಿ ಹೇಳುವುದು ಇದಕ್ಕೇ.

ಸ್ಯಾನ್ ಡಿಯಾಗೊದ ದೀಪ

ವಾರದ ಕೊನೆಗೆ ಭಾಮೈದ ಸ್ಯಾನ್ ಡಿಯಾಗೊಗೆ ಕರೆದೊಯ್ದ. ಟೊರೆನ್ಸ್‌ನಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿ ಪಾಯಿಂಟ್ ಲೋಮಾ ಭೂಶಿರದ ತುದಿಯಲ್ಲಿ ಕಾಬ್ರಿಯೊ ಸ್ಮಾರಕ. 1542ರಲ್ಲಿ ಸ್ಪೇನ್‌ನ ಪರವಾಗಿ ಹಡಗು ತಂದು ಇಲ್ಲಿ ಇಳಿದ ನಾವಿಕನ ಹೆಸರು ಅದು.

ಸ್ಮಾರಕದ ಬಳಿ 1855ರಲ್ಲಿ ಬೆಳಗಿದ ಹಳೆಯ ದೀಪಸ್ತಂಭ ಇದೆ. ಕಡಲಮಟ್ಟದಿಂದ 422 ಅಡಿ ಎತ್ತರದಲ್ಲಿ ದೀಪ ಇಟ್ಟರೆ ಬಹು ದೂರಕ್ಕೆ ಕಾಣುತ್ತದೆ ಎಂದು ಕಟ್ಟಿದ್ದರು. ಆದರೆ ಮಂಜು, ಮೋಡ ಬಂದಾಗ ದೀಪ ಅದರೊಳಗೇ ಮುಚ್ಚಿಹೋಗುತ್ತಿತ್ತು. ಹಡಗಿನವರಿಗೆ ಬೇಕಾದಾಗಲೇ ಕಾಣದು. 1891ರಲ್ಲಿ ಅದನ್ನು ಆರಿಸಿ, ಕೆಳಗೆ ನೀರಿನ ಹತ್ತಿರ ಹೊಸದನ್ನು ಕಟ್ಟಿದರು. ತೀರಾ ಎತ್ತರದಲ್ಲಿರುವವರಿಂದ ಕೆಳಗಿನವರಿಗೆ ಬೆಳಕು ಸಿಗದಿರುವುದು ಎಲ್ಲ ಕಡೆಯ ಕಥೆ ಎಂದು ಭಾಮೈದ ನಕ್ಕ.

ಹಡಗಿಗೆ ಉಪಯೋಗಕ್ಕೆ ಬಾರದ ಆ ಎತ್ತರ ಬೇರೊಂದಕ್ಕೆ ಒದಗಿತು. 1950ರಲ್ಲಿ ಅದೇ ಹಳೆಯ ದೀಪಸ್ತಂಭದ ಬಳಿ ತಿಮಿಂಗಿಲ ನೋಡಲು ಸಾರ್ವಜನಿಕರಿಗೆ ಜಾಗ ಮಾಡಿಕೊಟ್ಟರು. ಮೊದಲ ವರ್ಷವೇ ಹತ್ತು ಸಾವಿರ ಜನ ಬಂದರು. 1955ರಲ್ಲಿ ಸ್ಯಾನ್ ಡಿಯಾಗೊದ ಒಬ್ಬ ಮೀನುಗಾರ ತಲೆಗೆ ಒಂದು ಡಾಲರ್‌ನಂತೆ ಪಡೆದು ದೋಣಿಯಲ್ಲಿ ಕರೆದೊಯ್ದು ತೋರಿಸತೊಡಗಿದ. ಇಂದು ಜಗತ್ತಿನಾದ್ಯಂತ ನಡೆಯುವ ತಿಮಿಂಗಿಲ ದೋಣಿಯಾತ್ರೆಯ ಹುಟ್ಟು ಇಲ್ಲಿಯದು. ಆ ಭೂಶಿರದ ಒಳಮಗ್ಗುಲಿನ ಬಲಾಸ್ಟ್ ಪಾಯಿಂಟ್‌ನಲ್ಲಿ ಒಂದು ಶತಮಾನ ಮುಂಚೆ ತಿಮಿಂಗಿಲದ ಕೊಬ್ಬು ಕುದಿಸುತ್ತಿದ್ದರು.

ಸ್ಯಾನ್ ಡಿಯಾಗೊದಿಂದ ಇನ್ನೂ ದಕ್ಷಿಣಕ್ಕೆ, ಮೆಕ್ಸಿಕೋದ ಸ್ಯಾನ್ ಇಗ್ನಾಸಿಯೊ ಹಿನ್ನೀರಿನಲ್ಲಿ ಈ ತಿಮಿಂಗಿಲಗಳು ಹೆರುತ್ತವೆ. ಹಿಂದೆ ಬೇಟೆಗಾರರು ಅಲ್ಲಿಗೇ ನುಗ್ಗಿ ಬಾಣಂತಿ ತಿಮಿಂಗಿಲಗಳನ್ನು ಕೊಲ್ಲುತ್ತಿದ್ದಾಗ, ಮರಿಗಾಗಿ ತಿರುಗಿಬಿದ್ದು ದೋಣಿ ಒಡೆಯುತ್ತಿದ್ದ ತಾಯಂದಿರನ್ನು ‘ದೆವ್ವದ ಮೀನು’ ಎಂದು ಕರೆದಿದ್ದರು. ಅದೇ ಹಿನ್ನೀರಿನಲ್ಲಿ 1972ರಲ್ಲಿ ಪಚಿಕೊ ಮಾಯೊರಾಲ್ ಎಂಬ ಬಡ ಮೀನುಗಾರನ ದೋಣಿಯ ಪಕ್ಕಕ್ಕೆ ಒಂದು ತಿಮಿಂಗಿಲ ತಾನಾಗಿ ಬಂದು ನಿಂತಿತು. ಹೆದರಿದ್ದ ಆತ ಕೊನೆಗೆ ಕೈ ಚಾಚಿ ಮುಟ್ಟಿದ. ಅದು ಏನೂ ಮಾಡಲಿಲ್ಲ. ಇಂದು ಆ ಊರಿನ ಮೀನುಗಾರರಲ್ಲಿ ಹಲವರಿಗೆ ಚಳಿಗಾಲದ ಜೀವನೋಪಾಯ ತಿಮಿಂಗಿಲ ತೋರಿಸುವುದೇ.

ಹೋಗುವವರಿಗೆ ನಾಲ್ಕು ಮಾತು

ದೋಣಿಯಲ್ಲಿ ಕಡಲಬೇನೆ ಆಗುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಚೀಟಿ ಇಲ್ಲದೆ ಸಿಗುತ್ತವೆ. ಇವು ನಿದ್ದೆ ತರುವುದರಿಂದ ವಾಪಸ್ ಕಾರು ಓಡಿಸುವವರು ನುಂಗಬಾರದು. ಗ್ಲಾಕೋಮ ಅಥವಾ ಪ್ರೊಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಫೋನ್ ಜೇಬಿಗೆ ಹಾಕಿ ದಿಗಂತ ನೋಡುತ್ತಿರಿ. ಅಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಔಷಧಿಯೆಲ್ಲ ಗಲ್ಫ್‌ಗೆ ತರಬಹುದು ಎಂದುಕೊಳ್ಳಬೇಡಿ. ನೀವಿರುವ ದೇಶದ ಆರೋಗ್ಯ ಇಲಾಖೆಯ ಪಟ್ಟಿ ನೋಡಿಯೇ ಬ್ಯಾಗಿಗೆ ಹಾಕಿ.

ಬೂದು ತಿಮಿಂಗಿಲಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಸರಿಯಾದ ಕಾಲ. ಬೇಸಿಗೆ ರಜೆಯಲ್ಲಿ ಹೋಗುವವರಿಗೆ ನೀಲಿ ತಿಮಿಂಗಿಲ ಸಿಗಬಹುದು. ಜಗತ್ತಿನ ಅತಿದೊಡ್ಡ ಪ್ರಾಣಿ ಅದು. ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳಿಗೆ ಬರುವ ದೊಡ್ಡ ಹಡಗುಗಳು ಡಿಕ್ಕಿ ಹೊಡೆದು ಅವು ಸಾಯುವುದುಂಟು. ಹಾಗಾಗಿ ಆ ಋತುವಿನಲ್ಲಿ ಹಡಗುಗಳು ಹತ್ತು ನಾಟ್ ವೇಗಕ್ಕೆ ಇಳಿಯಬೇಕೆಂದು ಕೇಳಿಕೊಳ್ಳುತ್ತಾರೆ. ಜೆಬೆಲ್ ಅಲಿ, ಸೋಹಾರ್ ಬಂದರುಗಳಲ್ಲಿ ದುಡಿಯುವ ನಮ್ಮ ಗೆಳೆಯರಿಗೆ ಅಂಥ ಹಡಗು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಗೊತ್ತು. ಮೊದಲೇ ನಿಧಾನ ಮಾಡುವುದೊಂದೇ ದಾರಿ.

ನಮ್ಮ ಕಡಲಿನದು

ಅಮೆರಿಕದ ವೀಸಾ, ಟಿಕೆಟ್ಟು ಎಲ್ಲರ ಕೈಗೆಟುಕುವುದಲ್ಲ. ಅದು ಬೇಕಾಗಿಯೂ ಇಲ್ಲ. ಮಸ್ಕತ್‌ನಿಂದ ಬೆಳಿಗ್ಗೆ ಹೊರಡುವ ಸಣ್ಣ ದೋಣಿಗಳಲ್ಲಿ ಡಾಲ್ಫಿನ್‌ಗಳ ಹಿಂಡು ಕಾಣಬಹುದು. ಊರಿಗೆ ಹೋದಾಗ ಕಾರವಾರದ ದೇವಬಾಗದ ಕಡೆ ಡಾಲ್ಫಿನ್ ನೋಡಬಹುದು. ದೋಣಿಯವನಿಗೆ "ಅಟ್ಟಿಸಬೇಡಿ, ದೂರದಿಂದ ತೋರಿಸಿದರೆ ಸಾಕು" ಎಂದು ಹೇಳಿದರೆ ಅದೇ ದೊಡ್ಡ ಉಪಕಾರ.

ಇನ್ನೊಂದು ಎಚ್ಚರಿಕೆ. ಗಲ್ಫ್‌ನ ಅತ್ತರಿನ ಅಂಗಡಿಗಳಲ್ಲಿ ‘ಅಂಬರ್’ ಎಂಬ ಹೆಸರು ಕೇಳಿರುತ್ತೀರಿ. ನಮ್ಮ ಪತ್ರಿಕೆಗಳು ‘ತಿಮಿಂಗಿಲ ವಾಂತಿ’ ಎಂದು ಬರೆಯುವುದು ಇದನ್ನೇ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವ ವಸ್ತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಯಾರಾದರೂ ಊರಿಗೆ ಒಂದು ಪೊಟ್ಟಣ ಒಯ್ಯಿರಿ, ಕೋಟಿ ಸಿಗುತ್ತದೆ ಎಂದರೆ ಮುಟ್ಟಬೇಡಿ.

ಕೊನೆಯದಾಗಿ ನಮ್ಮ ಅರಬ್ಬೀ ಸಮುದ್ರದ ಒಂದು ಜೀವದ ಸುದ್ದಿ. ಬೇರೆ ಕಡೆಯ ಗೂನುಬೆನ್ನಿನ ತಿಮಿಂಗಿಲಗಳು ಧ್ರುವದ ಕಡೆ ಹೋಗಿಬರುತ್ತವೆ. ಅರಬ್ಬೀ ಸಮುದ್ರದವು ಮಾತ್ರ ಈ ಕಡಲು ಬಿಟ್ಟು ಹೋಗುವುದಿಲ್ಲ. ಸುಮಾರು 70 ಸಾವಿರ ವರ್ಷಗಳಿಂದ ಇವು ಪ್ರತ್ಯೇಕ ವಂಶ ಎಂದು ಸಂಶೋಧಕರ ಅಂದಾಜು. 1966ರಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ, ಭಾರತದ ತೀರದಾಚೆ ಕಾನೂನು ಮೀರಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಈಗ ಒಮಾನ್ ತೀರದಲ್ಲಿ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂದು ಲೆಕ್ಕ. ಅವುಗಳಿಗೆ ದೊಡ್ಡ ಅಪಾಯ ಮೀನಿನ ಬಲೆ.

2017ರ ನವೆಂಬರ್‌ನಲ್ಲಿ ಒಮಾನ್‌ನ ಮಸೀರಾ ಕೊಲ್ಲಿಯಲ್ಲಿ ಸಂಶೋಧಕರು ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಗುರುತುಯಂತ್ರ ಹಚ್ಚಿದರು. ಅದರ ಹೆಸರು ಲುಬಾನ್, ಅಂದರೆ ಧೂಪ. ಸಲಾಲಾದ ಮನೆಮನೆಯಲ್ಲಿ ಹೊಗೆಯಾಡುವ ಧೂಪವೇ. ಲುಬಾನ್ ನೇರ ಪೂರ್ವಕ್ಕೆ ಹೊರಟಳು. ಡಿಸೆಂಬರ್‌ನಲ್ಲಿ ಗೋವಾದ ಹತ್ತಿರ ಇದ್ದಳು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕೇರಳದ ಕಡಲಿನವರೆಗೆ ಹೋದಳು. ಗೋವಾದಿಂದ ಕೇರಳಕ್ಕೆ ಹೋಗುವ ಕಡಲದಾರಿಯ ಎಡಮಗ್ಗುಲಿಗೆ ಇರುವುದು ನಮ್ಮ ಕಾರವಾರ, ಭಟ್ಕಳ, ಮಲ್ಪೆ, ಮಂಗಳೂರು.

ನಾವು ವಿಮಾನದಲ್ಲಿ ಮೂರು ಗಂಟೆಯಲ್ಲಿ ದಾಟುವ ಕಡಲನ್ನು ಲುಬಾನ್ ಈಜಿ ದಾಟಿದಳು. ಅವಳ ಬಂಧುಗಳನ್ನು ಎಣಿಸಲು ನಮ್ಮ ತೀರದಲ್ಲಿ ದುರ್ಬೀನು ಹಿಡಿದು ಕೂತ ಕಣ್ಣುಗಳು ತೀರಾ ಕಡಿಮೆ. ಆದರೆ ಎರಡೂ ದಡದಲ್ಲಿ ಮೀನು ಹಿಡಿಯುವವರು, ಹಡಗಿನಲ್ಲಿ ದುಡಿಯುವವರು ನಮ್ಮವರೇ ಇದ್ದಾರೆ. ಮುಂದೊಮ್ಮೆ ನೀರಿನ ಮೇಲೆ ಆವಿಯ ಕಾರಂಜಿ ಕಂಡರೆ ದೋಣಿ ನಿಧಾನ ಮಾಡಿ. ದೂರದಿಂದ ಬಾಲದ ಅಡಿಭಾಗದ ಫೋಟೊ ಸಿಕ್ಕರೆ ತೆಗೆಯಿರಿ. ನಮಗೆ ಬೆರಳಚ್ಚು ಹೇಗೋ ಗೂನುಬೆನ್ನಿನ ತಿಮಿಂಗಿಲಕ್ಕೆ ಬಾಲದ ಗುರುತು ಹಾಗೆ. ದಿನಾಂಕ, ಜಾಗ ಬರೆದು ಒಮಾನ್‌ನಲ್ಲಾದರೆ ಎನ್ವಿರಾನ್‌ಮೆಂಟ್ ಸೊಸೈಟಿ ಆಫ್ ಒಮಾನ್‌ಗೆ, ಊರಲ್ಲಾದರೆ ಅರಣ್ಯ ಇಲಾಖೆಗೆ ತಿಳಿಸಿ. ಬಲೆಯಲ್ಲಿ ಸಿಕ್ಕಿಕೊಂಡದ್ದು ಕಂಡರಂತೂ ತಡಮಾಡಬೇಡಿ. ನೂರರೊಳಗಿನ ಲೆಕ್ಕದಲ್ಲಿ ಒಂದು ಎಂದರೆ ಸಣ್ಣ ಸಂಖ್ಯೆಯಲ್ಲ.